ಅರ್ಧ ಗಂಟೆಯ ಕಾನೂನು

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ನಡುವೆ ಅಂಗಳ, ಸುತ್ತ ಕೋಣೆಗಳಿದ್ದ ಒಂದು ಹಳೆಯ ಮನೆ. ನಾನು ಹುಟ್ಟುವ ಮೊದಲಿನಿಂದ ನಾವು ಅದರಲ್ಲಿ ಬಾಡಿಗೆಗಿದ್ದೆವು. ಮನೆಯ ಒಡತಿ ತೆಲುಗಿನವರು, ವಯಸ್ಸಾದವರು. ನಾವೆಲ್ಲ ಅವರನ್ನು ಅಮ್ಮಗಾರು ಎನ್ನುತ್ತಿದ್ದೆವು. ಆಗ ಹೈದರಾಬಾದಿಗೆ ದಿನ ಬೆಳಗಾದರೆ ಕಂಪ್ಯೂಟರ್ ಕೋರ್ಸಿಗೆಂದು ಹುಡುಗರು ಬಂದಿಳಿಯುತ್ತಿದ್ದರು. ಅವರಿಗೆ ಹಾಸ್ಟೆಲ್ ಕಟ್ಟಿದರೆ ಕೂತು ಉಣ್ಣಬಹುದೆಂದು ಅಮ್ಮಗಾರ ಮಗನ ತಲೆಯಲ್ಲಿ ಯಾರೋ ತುಂಬಿದರು. ದಸರೆಯೊಳಗೆ ಖಾಲಿ ಮಾಡಿ ಎಂದು ಅವನು ಬಾಗಿಲಲ್ಲಿ ನಿಂತೇ ಹೇಳಿ ಹೋದ.

ಅಪ್ಪ ಹಿಮಾಯತ್‌ನಗರದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಜಗಳವೆಂದರೆ ಅವರಿಗೆ ಆಗದು. "ಕೋರ್ಟು ಕಚೇರಿ ನಮಗ್ಯಾಕ ಬೇಕವಾ, ಬ್ಯಾರೆ ಮನಿ ನೋಡಿದರಾತು" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಬಾಡಿಗೆ ಏರಿದ ಆ ಕಾಲದಲ್ಲಿ ನಮ್ಮ ಯೋಗ್ಯತೆಗೆ ಬೇರೆ ಮನೆ ಸಿಗಬೇಕಾದರೆ ಊರಾಚೆಗೇ ಹೋಗಬೇಕಿತ್ತು. ಹಳೆಯ ಬಾಡಿಗೆದಾರರನ್ನು ಹೀಗೆ ಎಬ್ಬಿಸಲಿಕ್ಕೆ ಬರುವುದಿಲ್ಲವೆಂದು ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಯಾರೋ ಅಂದಿದ್ದರು. ಅದನ್ನು ಅಚ್ಚಿನಲ್ಲಿ ತೋರಿಸಿದರೆ ಅಪ್ಪನಿಗೆ ಧೈರ್ಯ ಬಂದೀತು ಎಂದುಕೊಂಡೆ.

ಸಾರ್ವಜನಿಕ ಗ್ರಂಥಾಲಯದಲ್ಲಿ ಹೊಸದಾಗಿ ಕಂಪ್ಯೂಟರ್ ಕೋಣೆ ತೆರೆದಿದ್ದರು. ಸದಸ್ಯರಾದರೆ ವಿಶ್ವಕೋಶ, ಹಳೆಯ ಪತ್ರಿಕೆ, ಕೋರ್ಟಿನ ತೀರ್ಪು ಎಲ್ಲದರ ಡೇಟಾಬೇಸ್ ಆನ್‌ಲೈನಿನಲ್ಲಿ ಪುಕ್ಕಟೆ ನೋಡಬಹುದು ಎಂಬ ಬೋರ್ಡು ಹೊರಗಿತ್ತು. ಸದಸ್ಯಳಾಗಲು ಹೋದೆ. ವಾಸದ ದಾಖಲೆ ಬೇಕು, ಬಾಡಿಗೆ ಮನೆಯಾದರೆ ಮಾಲೀಕರ ಸಹಿ ಬೇಕು ಎಂದರು. ಯಾರ ಮೇಲೆ ಕಾನೂನು ಹುಡುಕಬೇಕೋ ಅವರ ಸಹಿಯನ್ನೇ ತರಬೇಕು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನು ಬೇರೆ ದಾರಿ ಯೋಚಿಸುತ್ತಿರುವಾಗಲೇ ಅವ್ವ ಆ ಅರ್ಜಿಯನ್ನು ಒಯ್ದು, ಅಮ್ಮಗಾರ ಸಹಿ ಹಾಕಿಸಿಕೊಂಡು ಬಂದಳು.

"ಯಾತಕ್ಕಂತ ಕೇಳಲಿಲ್ಲೇನು?" ಎಂದೆ.

"ಕೇಳಿದ್ರು. ನಿಮ್ಮ ಮನಿ ಬಿಡಬಾರದಂತ ನನ್ನ ಮಗಳು ಕಾಯ್ದೆ ಹುಡುಕಾಕತ್ತಾಳ್ರಿ ಅಂದೆ."

"ಅವ್ವಾ, ಅವರಿಗೇ ಹೇಳಿದ್ಯಾ?"

"ಮತ್ತ ಸುಳ್ಳು ಹೇಳಬೇಕಿತ್ತೇನು? ಚಹಾ ಕೊಟ್ಟ್ರು, ಸಹಿನೂ ಹಾಕಿದ್ರು."

ಇಂಥವಳನ್ನು ಕಟ್ಟಿಕೊಂಡು ಯಾರ ಜೊತೆ ಹೋರಾಡುವುದು.

ಕಂಪ್ಯೂಟರ್ ಕೋಣೆಯ ಕಥೆ ಬೇರೆ. ದೇವರ ಮನೆಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು. ಒಬ್ಬರಿಗೆ ಅರ್ಧ ಗಂಟೆ. ಆದರೆ ಅಲ್ಲಿಗೆ ಬರುವ ಹುಡುಗರು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ಕುರ್ಚಿಯ ಮೇಲೆ ಕರ್ಚೀಫು ಹಾಸಿ ಚಹಾಕ್ಕೆ ಹೋಗಿಬಿಡುತ್ತಿದ್ದರು. ಆ ಖಾಲಿ ಕುರ್ಚಿಯಲ್ಲಿ ಮಾತ್ರ ಯಾರೂ ಕೂರುವ ಹಾಗಿಲ್ಲ. ಡೇಟಾಬೇಸ್ ಅವರಿಗೆ ಬೇಕಿರಲಿಲ್ಲ. ಬಯೋಡೇಟಾ ಕಳಿಸುವುದು, ಉತ್ತರ ಬಂತೋ ನೋಡುವುದು, ಇಷ್ಟೇ. ಆಫೀಸು ಮುಗಿಸಿ ಸಿಕಂದರಾಬಾದಿನಿಂದ ಬಸ್ಸಿನಲ್ಲಿ ಜೋತು ಬಂದು ನಾನು ಕರ್ಚೀಫುಗಳನ್ನು ಕಾಯುತ್ತ ನಿಲ್ಲುತ್ತಿದ್ದೆ. ಕೀಲಿ ಇಟ್ಟುಕೊಂಡ ಅಟೆಂಡರನಿಗೆ ದೂರಿದರೆ, "ಜರಾ ಠೈರೋ ಮೇಡಂ, ಆ ಜಾತೇ ಉನೋ" ಎನ್ನುತ್ತಿದ್ದ, ಸ್ವಲ್ಪ ತಾಳಿದರೆ ಅವರು ಬಂದೇಬಿಡುತ್ತಾರೆ ಎಂಬಂತೆ.

ಕುರ್ಚಿ ಸಿಕ್ಕ ದಿನ ಸರ್ವರ್ ಇರುವುದಿಲ್ಲ. ಸರ್ವರ್ ಇದ್ದ ದಿನ ಕರೆಂಟು ಹೋಗುತ್ತದೆ. ಎರಡೂ ಇದ್ದ ದಿನ ನನ್ನ ಇಂಗ್ಲಿಷ್ ಸಾಲದು. ಬಾಡಿಗೆದಾರ ಎಂದು ಹುಡುಕಿದರೆ ದೇಶದ ಹೈಕೋರ್ಟುಗಳೆಲ್ಲ ಒಟ್ಟಿಗೇ ಬಂದು ಮೈಮೇಲೆ ಬೀಳುತ್ತಿದ್ದವು. ಒಂದನ್ನು ತೆರೆದು ನಾಲ್ಕು ಸಾಲು ಓದುವಷ್ಟರಲ್ಲಿ, ಮುಂದಿನ ಪುಟ ನಿಮ್ಮ ಗ್ರಂಥಾಲಯದ ಚಂದಾದಲ್ಲಿ ಸೇರಿಲ್ಲ ಎಂಬ ಸೂಚನೆ ಕಾಣಿಸುತ್ತಿತ್ತು. ಪುಕ್ಕಟೆ ಎಂದರೆ ಇಷ್ಟೇ ಎಂದು ಗೊತ್ತಿದ್ದೂ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಆದರೂ ಬಿಡಲಿಲ್ಲ. ಮಳೆಯಿಂದಾಗಿ ಹುಡುಗರು ಬಾರದ ಒಂದು ಸಂಜೆ ಅಟೆಂಡರನೂ ತೂಕಡಿಸುತ್ತಿದ್ದ. ಅರ್ಧ ಗಂಟೆ ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಅಂದು ಸಿಕ್ಕಿತು. ನಮ್ಮಂಥದೇ ಹಳೆಯ ಬಾಡಿಗೆದಾರನ ಮೊಕದ್ದಮೆ. ಬರೀ ಬಾಯಿಮಾತಿನಿಂದ ಎಬ್ಬಿಸುವಂತಿಲ್ಲ, ಮಾಲೀಕ ಕೋರ್ಟಿನ ಮುಂದೆ ಕಾರಣ ತೋರಿಸಿ ಆದೇಶ ತರಬೇಕು ಎಂದು ತೀರ್ಪು ಸ್ಪಷ್ಟವಾಗಿ ಹೇಳಿತ್ತು. ಪ್ರಿಂಟರಿಗೆ ಇಂಕು ಇರಲಿಲ್ಲ. ಇರದಿದ್ದರೆ ಕತ್ತೆ ಬಾಲ ಎಂದುಕೊಂಡು ಮುಖ್ಯವಾದ ಭಾಗವನ್ನೆಲ್ಲ ಕೈಯಲ್ಲೇ ಬರೆದುಕೊಂಡೆ. ಮನೆಗೆ ನಡೆದಿದ್ದು ನೆನಪಿಲ್ಲ, ಓಡಿದ್ದೆನೋ ಏನೋ.

ಅವ್ವ ಹಸಿರು ಸೀರೆ ಉಟ್ಟು ಒಳಗಿನ ಚಾಪೆಯ ಮೇಲೆ ಕೂತಿದ್ದಳು. ಸೆರಗಿನ ತುಂಬ ಅಕ್ಕಿ, ಅದರ ಮೇಲೆ ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಬಟ್ಟೆ. ಕಣ್ಣು ಕೆಂಪಾಗಿದ್ದವು.

"ಅಮ್ಮಗಾರು ಉಡಿ ತುಂಬಿ ಹೋದ್ರು" ಎಂದಳು.

ನಮ್ಮಲ್ಲಿ ತವರಿಗೆ ಬಂದ ಮಗಳನ್ನು ಕಳಿಸಿಕೊಡುವಾಗ ಉಡಿ ತುಂಬುತ್ತಾರೆ. ಅವರಲ್ಲೂ ಹಾಗೆಯೇ, ಸೆರಗಿಗೆ ಅಕ್ಕಿ ಹಾಕಿ ಕಳಿಸುತ್ತಾರೆ. ಅಂದರೆ ಅವ್ವನನ್ನು ಆಗಲೇ ಬೀಳ್ಕೊಟ್ಟು ಹೋಗಿದ್ದರು.

"ನೀ ಏನಂದಿ?"

"ಏನನ್ನೂದು? ದಸರಾದೊಳಗ ಹೋಗ್ತೀವ್ರಿ ಅಂದೆ."

"ಇಲ್ಲಿ ನೋಡು, ಅವರು ನಮ್ಮನ್ನ ಎಬ್ಬಸಾಕ ಬರೂದಿಲ್ಲ. ಕೋರ್ಟೇ ಹೇಳೇತಿ. ಅವರೇನು ನಿನ್ನ ತವರಮನಿಯವರೇನು? ನಾವು ಬಾಡಿಗಿ ಕೊಟ್ಟು ಇದ್ದವರು."

"ನೀ ಹುಟ್ಟಿದಾಗ ನಮ್ಮವ್ವ ಊರಿಂದ ಬರೂದು ತಡಾ ಆತು. ಅಲ್ಲೀತನಕ ನನಗ ಎಣ್ಣಿ ಹಚ್ಚಿ ನೀರು ಹಾಕಿದಾಕಿ ಆಕಿ. ಆಕಿನ್ನ ಕೋರ್ಟಿನ್ಯಾಗ ನಿಂದರಸ್ಲೇನು?"

ಹಟ ಹಿಡಿದು, ಬರೆದುಕೊಂಡಿದ್ದನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಓದಿ ಹೇಳಿದೆ. ಅವ್ವ ಸೆರಗು ಸಡಿಲ ಬಿಡದೆ ಕೊನೆಯವರೆಗೂ ಕೇಳಿದಳು. ಆಮೇಲೆ ನಿಜವಾಗಿ ತಿಳಿಯಬೇಕೆಂದೇ ಕೇಳಿದಳು: "ಉಡಿ ತುಂಬಿಸಿಕೊಂಡ ಮ್ಯಾಲೆ ಏನು ಮಾಡಬೇಕಂತ ಅದರಾಗ ಏನರ ಬರದಾರೇನು?"

ಬರೆದಿರಲಿಲ್ಲ.

ಹಬ್ಬಕ್ಕೆ ಮೊದಲೇ ಮನೆ ಬಿಟ್ಟೆವು. ಅಮ್ಮಗಾರು ಸಾಮಾನಿನ ಗಾಡಿಯ ತನಕ ಬಂದು ಅವ್ವನ ಕೈ ಹಿಡಿದು ಅತ್ತರು. ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಅದು ನಾಟಕವಾಗಿರಲಿಲ್ಲ. ಆಗಿದ್ದರೆ ಬೈಯಲಿಕ್ಕೆ ನನಗೆ ಒಬ್ಬರಾದರೂ ಸಿಗುತ್ತಿದ್ದರು.