ಕೊನೆಯ ಅರ್ಧ ಗಂಟೆ

ಖಾಲಾನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಗಂಡ ತೀರಿಹೋದ ಮೇಲೆ ಹದಿನಾರು ವರ್ಷ ಶಹಾಬಾದದ ಪಾಲಿಶ್ ಮಶೀನಿನ ಮುಂದೆ ನಿಂತು, ನೀರು ಸುರಿಯುವ ಹಾಸುಗಲ್ಲುಗಳನ್ನು ತಿರುಗಿಸಿ ತಿರುಗಿಸಿ ಆ ಬೆರಳು ಕಲ್ಲಿನಷ್ಟೇ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲ, ಫೋನಿನ ಬೀಗವೂ ಅದಕ್ಕೆ ತೆರೆಯುತ್ತಿರಲಿಲ್ಲ. "ನಾ ಸತ್ತೀನಿ ಅಂತ ಮಶೀನಿಗೆ ನನಗಿಂತ ಮೊದಲ ಗೊತ್ತಾಗ್ಯಾದ ನೋಡು" ಎಂದು ನಗುತ್ತಿದ್ದರು. ಸಿನಿಮಾ ಮುಗಿಯಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಅದೇ ಹೆಬ್ಬೆರಳು ಪರದೆಯ ಮೇಲೆ ಬೀಳುತ್ತಿತ್ತು. ಸಿನಿಮಾ ನಿಲ್ಲುತ್ತಿತ್ತು. ನಾಯಕಿಯ ಕುತ್ತಿಗೆಗೆ ಚಾಕು ಹಿಡಿದಿದ್ದರೂ ಅಷ್ಟೇ, ಖಾಲಾ ಮುಂದಕ್ಕೆ ನೋಡುತ್ತಿರಲಿಲ್ಲ.

ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಓಣಿಯ ಎಲ್ಲರಿಗೂ ಅವರು ಖಾಲಾನೇ. ನಾನು ಸುಲೇಪೇಟದವಳು. ಶಹಾಬಾದದ ಶಾಲೆಗೆ ವರ್ಗವಾಗಿ ಬಂದು ಅವರ ಪಕ್ಕದ ಮನೆ ಹಿಡಿದಾಗ ನನಗೆ ಮೂವತ್ತೆಂಟು ವರ್ಷ. ನನ್ನ ಮದುವೆಯ ಮಾತೆತ್ತಿ ಎತ್ತಿ ಬಂಧುಗಳಿಗೇ ಸಾಕಾಗಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹೀಗಾಗಿ ಗೆಳತಿಯರೂ ಅಷ್ಟಕ್ಕಷ್ಟೇ. ಬಂದ ಮೊದಲ ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಒಂದು ಸಿನಿಮಾ ಹಚ್ಚಿಕೊಂಡು ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು.

"ಟೀಚರ್, ಈ ಪಿಚ್ಚರ್ ಬ್ಯಾಡ್ರಿ" ಎಂದರು, ಹೆಸರು ಊರು ಒಂದೂ ಕೇಳದೆ. "ಇಂಟರ್ವಲ್ ತನಕ ಛಲೋ ಅದ. ಆಮ್ಯಾಲ ಹೀರೋ ಬರೇ ಅಳ್ಕೋತ ಕುಂದರ್ತಾನ."

"ನಾ ಯಾವ ಪಿಚ್ಚರ್ ನೋಡ್ಲಿಕತ್ತೀನಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಗ್ವಾಡಿ ತೆಳ್ಳಗದ್ರಿ. ನಿಮ್ಮ ಮನ್ಯಾಗಿನ ಒಗ್ಗರಣಿ ಸುದ್ದಾ ಕೇಳಸ್ತದ."

ಇವರ್ಯಾರು ನನಗೆ ಹೇಳಲಿಕ್ಕೆ ಎಂದು ಹಟಕ್ಕೆ ಬಿದ್ದು ಪೂರ್ತಿ ನೋಡಿದೆ. ಹೀರೋ ಅತ್ತ, ಒಂದು ತಾಸು ಅತ್ತ. ಮರುದಿನ ಸೋಲೊಪ್ಪಿಕೊಳ್ಳಲು ಹೋದವಳನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ಅವರು ಕೇಳಿದ್ದು ಒಂದೇ: "ಆಖ್ರಿ ಏನಾತು?"

ಆಖ್ರಿ ಎಂದರೆ ಕೊನೆ. ಅದರ ಹಿಂದಿನ ಕತೆ ನನಗೆ ತಿಳಿದದ್ದು ತಿಂಗಳೊಪ್ಪತ್ತಿನ ಮೇಲೆ. ಖಾಲಾನ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿದ್ದವರು. ಮೊದಲ ಪಾಳಿ ಬಿಡುವುದು ಮಧ್ಯಾಹ್ನ ಎರಡಕ್ಕೆ. ಭೋಂಗಾ, ಅಂದರೆ ಕಾರ್ಖಾನೆಯ ಸೈರನ್, ಕೂಗಿದ ಹತ್ತು ನಿಮಿಷಕ್ಕೆ ಗಂಡಸರು ಮನೆಯಲ್ಲಿ, ತಾಟಿನ ಮುಂದೆ. ಊರಿನ ಟಾಕೀಸಿನ ಬೆಳಗಿನ ಆಟ ಬಿಡುವುದು ಎರಡು ದಾಟಿದ ಮೇಲೆ. ಹೀಗಾಗಿ ಓಣಿಯ ಹೆಂಗಸರೆಲ್ಲ ಕೊನೆಯ ಅರ್ಧ ಗಂಟೆ ಬಾಕಿ ಇರುವಾಗಲೇ ಕತ್ತಲಲ್ಲಿ ಸಾಲಾಗಿ ಎದ್ದು, ಚಪ್ಪಲಿ ಹುಡುಕಿಕೊಂಡು, ಮನೆಗೆ ಓಡುತ್ತಿದ್ದರು. ಯಾರ ಗಂಡ ಆ ವಾರ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿರುತ್ತಾನೋ ಆಕೆಯೊಬ್ಬಳು ಕೂತು ಕೊನೆ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ನಳದ ಮುಂದೆ ಕೊಡ ಇಟ್ಟುಕೊಂಡು ಆಕೆ ಹೇಳುವುದು, ಉಳಿದವರು ಕೇಳುವುದು. ಪಾಳಿ ತಿರುಗಿದಂತೆ ಕೊನೆ ಹೇಳುವವರೂ ತಿರುಗುತ್ತಿದ್ದರು.

"ಒಮ್ಮಿ ಒಬ್ಬಾಕಿ ನಿದ್ದಿ ಹತ್ತಿ ಮಲಗಿಬಿಟ್ಟಿದ್ಳು" ಎಂದು ಖಾಲಾ ನೆನೆಸಿಕೊಂಡಿದ್ದರು. "ನಳದ ಮುಂದ ಬಂದು, 'ನಾ ಮಲಗಿದ್ನೆವಾ, ನನಗ ಗೊತ್ತಿಲ್ಲ' ಅಂದ್ಳು. ನಕ್ಕು ನಕ್ಕು ಕೊಡಾ ಚೆಲ್ಲಿದ್ವಿ. ಆದ್ರ ನೋಡದ ಆಖ್ರಿ ಯಾರೂ ಹೇಳ್ತಿರಲಿಲ್ಲ."

ಕಾರ್ಖಾನೆ ಮುಚ್ಚಿತು, ಭೋಂಗಾ ನಿಂತಿತು, ಟಾಕೀಸಿಗೂ ಬೀಗ ಬಿತ್ತು. ಓಣಿಯ ಹಳೆಯ ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳ ಊರು ಸೇರಿದರು. ಖಾಲಾಗೆ ಮಕ್ಕಳಿರಲಿಲ್ಲ. ಹತ್ತಿರದ ವಾಡಿ ಊರಿನಲ್ಲಿದ್ದ ನಾದಿನಿಯ ಮಗ ಸೌದಿಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಫೋನು ಕೊಟ್ಟು, ಸಿನಿಮಾ ಹುಡುಕುವುದನ್ನು ಕಲಿಸಿ ಹೋಗಿದ್ದ. ಆ ಹುಡುಗನನ್ನು ಎರಡು ವರ್ಷ ಸೊಂಟದ ಮೇಲೆ ಹೊತ್ತು ಬೆಳೆಸಿದವರು ಖಾಲಾನೇ.

"ಈಗ ಯಾರೂ ಎಬ್ಬಿಸೋದಿಲ್ಲಲ್ರಿ, ಪೂರಾ ನೋಡ್ರಿ" ಎಂದು ನಾನೊಮ್ಮೆ ರೇಗಿಸಿದೆ.

"ಆಖ್ರಿನೂ ನಾನ ನೋಡಿದ್ರ, ನೀ ಯಾಕ ಬರ್ತಿ ನಮ್ಮ ಮನಿಗೆ?" ಎಂದರು. ನಗುತ್ತಲೇ ಅಂದರು.

ಹಾಗೆ ನಾಲ್ಕು ವರ್ಷ ನಡೆಯಿತು. ಶಾಲೆ ಬಿಟ್ಟು ಬಂದು ಮುಖ ತೊಳೆದು ಅವರ ಕಟ್ಟೆಗೆ ಹೋದರೆ ದೀಪ ಹಚ್ಚುವ ತನಕ ನಮ್ಮದು ಅದೇ ಮಾತು. ಸಿನಿಮಾ ಅಳೆಯುವ ರೀತಿ ಅವರದೇ ಒಂದು ಇತ್ತು. "ಚಹಾ ಆರಿಹೋತು" ಎಂದರೆ ಅತ್ಯುತ್ತಮ, ನೋಡಲೇಬೇಕು. "ಎರಡು ಸರ್ತಿ ಎದ್ದು ಬ್ಯಾಳಿ ನೋಡಿ ಬಂದೆ" ಎಂದರೆ ಆ ನಿರ್ದೇಶಕನ ಕತೆ ಮುಗಿಯಿತು. ಹೊಡೆಯುವ ಗಂಡನನ್ನು ನಾಯಕಿ ಕ್ಷಮಿಸಿದರೆ ಫೋನನ್ನೇ ಬೋರಲು ಹಾಕುತ್ತಿದ್ದರು. ನಾನು ಹೊಗಳಿದ್ದನ್ನು ಅವರು ತೆಗಳಬೇಕು, ಅವರು ಹೊಗಳಿದ್ದರಲ್ಲಿ ನಾನು ಹುಳುಕು ಹುಡುಕಬೇಕು. ಒಮ್ಮೆ ಒಬ್ಬ ಖಳನಾಯಕನ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದೆವು. ತರಕಾರಿಯವನು, ಔಷಧಿ ಅಂಗಡಿಯವನು ಕೂಡ "ಖಾಲಾ, ಈ ವಾರ ಏನ್ ನೋಡ್ಬೇಕು?" ಎಂದು ಕೇಳುತ್ತಿದ್ದರು. ಅವರು ಹೇಳುತ್ತಿದ್ದರು, ಕೊನೆಯನ್ನೂ ಸೇರಿಸಿ. ಆ ಕೊನೆ ನಾನು ಹೇಳಿದ್ದು.

ಆ ಮಾರ್ಚಿನಲ್ಲಿ ಪರೀಕ್ಷೆಯ ಪೇಪರುಗಳ ಕಟ್ಟು ನನ್ನ ಮೇಲೆ ಬಿದ್ದಿತ್ತು. ಸಮುದ್ರಕ್ಕೆ ಹೋಗಿ ಸುದ್ದಿಯಿಲ್ಲದ ಮಗನಿಗಾಗಿ ಕಾಯುವ ತಾಯಿಯ ಸಿನಿಮಾ ಒಂದನ್ನು ಖಾಲಾ ನೋಡಿ, ಚಹಾ ಆರಿಸಿಕೊಂಡು, ಮೂರು ದಿನದಿಂದ ಗೋಡೆ ಬಡಿಯುತ್ತಿದ್ದರು. "ಬೇಟಿ, ಆ ಹುಡುಗ ಬಂದನೇನು?" ನಾನು ಆ ಸಿನಿಮಾ ಮುಟ್ಟಿರಲೇ ಇಲ್ಲ. ಕೆಂಪು ಪೆನ್ನು ಕೈಯಲ್ಲಿ ಹಿಡಿದುಕೊಂಡೇ, "ಬಂದ್ನರಿ ಖಾಲಾ, ಬಂದ. ತಾಯಿ ಅಪ್ಪಿಕೊಂಡ್ಳು" ಎಂದೆ. ಕನಿಕರದಿಂದ ಹಾಗೆ ಹೇಳಿದೆ ಎಂದು ಬರೆದರೆ ನೀವು ನಂಬಬಹುದು. ಅದು ನಿಜವಲ್ಲ. ತಲೆನೋವು ತಪ್ಪಲಿ ಎಂದು ಹೇಳಿದೆ.

ಆಗ ನಾದಿನಿಯ ಮಗನಿಂದ ಐದು ತಿಂಗಳಿಂದ ಫೋನು ಬಂದಿರಲಿಲ್ಲ. ಅದು ನನಗೂ ಗೊತ್ತಿತ್ತು. ಖಾಲಾ ಅದೇ ಸಂಜೆ ವಾಡಿಗೆ ಫೋನು ಹಚ್ಚಿ, "ಈ ಪಿಚ್ಚರ್ ನೋಡು, ಆಖ್ರಿಗೆ ಮಗ ಬರ್ತಾನ, ನಿನ್ನ ಜೀವ ಹಗುರ ಆಗ್ತದ" ಎಂದು ನಾದಿನಿಗೆ ಹೇಳಿದರು. ನಾದಿನಿ ನಳದ ಮುಂದೆ ಬೆಳೆದವಳಲ್ಲ, ಪೂರ್ತಿ ನೋಡುವವಳು. ಸಿನಿಮಾದ ಕೊನೆಗೆ ಮಗನ ಹೆಣ ದಂಡೆಗೆ ಬಂತು. ಆಕೆ ಚೀರುತ್ತ ಖಾಲಾಗೆ ಫೋನು ಮಾಡಿದಳು: "ಭಾಭಿ, ನನ್ನ ಮಗಂದು ನಿನಗೇನರ ಸುದ್ದಿ ಬಂದಾದೇನು? ಬಾಯಿಲೆ ಹೇಳ್ಲಿಕ್ಕೆ ಆಗಲಾರದ್ದಕ್ಕ ಈ ಪಿಚ್ಚರ್ ತೋರಿಸಿದೇನು?"

ಆ ಚೀರಾಟ ಗೋಡೆಯಾಚೆ ನನಗೂ ಕೇಳಿಸಿತು. ಅಲ್ಲ, ಇಲ್ಲ, ಕಸಂ, ನನಗೇನೂ ಗೊತ್ತಿಲ್ಲ ಎಂದು ಖಾಲಾ ಅರ್ಧ ತಾಸು ಹೇಳಿದರು. ಆಮೇಲೆ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ನೀ ಆಖ್ರಿ ನೋಡಿದ್ದೇನು?"

"ಇಲ್ರಿ."

"ನೋಡಿಲ್ಲ ಅಂದಿದ್ರ ಮುಗೀತಿತ್ತಲ್ಲ ಬೇಟಿ. ನಾ ಏನ್ ಹೊಡೀತಿದ್ನಾ?"

ನನ್ನ ಕೆಟ್ಟ ನಾಲಿಗೆ ಸುಮ್ಮನಿರಬಾರದೆ? "ಬರೇ ಒಂದು ಪಿಚ್ಚರ್ ಅಲ್ರಿ ಖಾಲಾ" ಎಂದುಬಿಟ್ಟೆ.

"ಹೌದು. ನಿನಗ ಬರೇ ಪಿಚ್ಚರ್" ಎಂದು ಹೇಳಿ ತಿರುಗಿ ಹೋದರು.

ಮುಂದಿನ ಭಾನುವಾರ ಗೋಡೆಯಾಚೆ ಸಿನಿಮಾ ಹಚ್ಚಿದ್ದು ಕೇಳಿಸಿತು. ಎರಡು ತಾಸು ಆಯಿತು, ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಹೊಡೆದಾಟ, ಅಳು, ಎಲ್ಲ ಆಗಿ, ಹೆಸರುಗಳು ಬರುವಾಗಿನ ಸಂಗೀತದ ತನಕ ಓಡಿತು. ಖಾಲಾ ಕೊನೆಯನ್ನು ತಾವೇ ನೋಡಿಕೊಂಡಿದ್ದರು. ನಾನು ನನ್ನ ಅಡುಗೆಮನೆಯಲ್ಲಿ ನಿಂತು ಅತ್ತೆ. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ, ಆದರೂ ಆ ಊರಿನಲ್ಲಿ ನನಗೆ ಇನ್ನು ಯಾರೂ ಇಲ್ಲ ಎಂದು ಅವತ್ತು ಗೊತ್ತಾಯಿತು.

ವಾಡಿಗೆ ಹೋಗಿ ನಾದಿನಿಯ ಕೈ ಹಿಡಿದು ತಪ್ಪಾಯಿತು ಎಂದೆ. ಆಕೆ ಊಟ ಹಾಕಿ ಕಳಿಸಿದಳು. ಖಾಲಾ ಮಾತ್ರ ಎದುರಾದಾಗ "ಆರಾಮಿದ್ದೀರೇನ್ರಿ ಟೀಚರ್?" ಎನ್ನುತ್ತಿದ್ದರು. ಬೇಟಿ ಹೋಗಿ ಮತ್ತೆ ಟೀಚರ್ ಆಗಿದ್ದೆ. ಆ ರೀ ನನ್ನನ್ನು ಸುಟ್ಟಿತು. ಎರಡು ತಿಂಗಳಿಗೆ ಹುಡುಗನ ಫೋನು ಬಂತಂತೆ; ಮಾಲೀಕ ಫೋನು ಕಸಿದುಕೊಂಡಿದ್ದನಂತೆ, ಜೀವಕ್ಕೇನೂ ಆಗಿಲ್ಲವಂತೆ. ಆ ಸುದ್ದಿ ನನಗೆ ಹೇಳಿದವನು ಹಾಲಿನವನು. ನಡುವೆ ಇದ್ದದ್ದು ಒಂದೇ ಗೋಡೆ.

ಮರುವರ್ಷ ಚಳಿಗಾಲದಲ್ಲಿ ಖಾಲಾನ ಕೆಮ್ಮು ಹೆಚ್ಚಾಯಿತು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದಾಗ ನಾದಿನಿ ಬಂದು ನಿಂತಳು. ನಾನು ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ದಿನಾ ಹೋಗಿ, ಸುಮ್ಮನೆ ಸ್ಟೂಲಿನ ಮೇಲೆ ಕೂತು ಬರುತ್ತಿದ್ದೆ. ಐದನೆಯ ದಿನ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾವುದರ ಛಲೋ ಪಿಚ್ಚರ್ ನೋಡಿದಿ ಏನು?"

ಟೀಚರ್ ಎನ್ನಲಿಲ್ಲ, ರೀ ಎನ್ನಲಿಲ್ಲ. ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು, ಅಂಗಡಿ ಕಳೆದುಕೊಂಡ ಒಬ್ಬ ಮುದುಕ ದರ್ಜಿಯ ಕತೆ ಹೇಳತೊಡಗಿದೆ. ಮುಕ್ಕಾಲು ಪಾಲು ಆದ ಮೇಲೆ ಹೆದರಿ ನಿಲ್ಲಿಸಿದೆ.

"ಆಖ್ರಿ ನೋಡಿದಿ?"

"ನೋಡೀನ್ರಿ."

"ಹಂಗಾರ ಹೇಳು."

"ಅಂಗಡಿ ತಿರುಗಿ ಸಿಗಂಗಿಲ್ರಿ ಖಾಲಾ. ರಸ್ತೆ ಬದಿಗೆ ಮಶೀನ್ ಇಟ್ಕೊಂಡು ಕುಂದರ್ತಾನ. ಒಬ್ರೂ ಬರಂಗಿಲ್ಲ. ಅಲ್ಲಿಗೇ ಮುಗೀತದ."

"ಕೆಟ್ಟ ಆಖ್ರಿ" ಎಂದರು. "ಛಲೋ ಆತು, ಖರೇ ಹೇಳಿದಿ."

ಮೂರು ದಿನದ ಮೇಲೆ ಖಾಲಾ ತೀರಿಹೋದರು. ನಾದಿನಿ ಔಷಧಿ ತರಲು ಕೆಳಗಿಳಿದಿದ್ದಳು. ನಾನು ಶಹಾಬಾದದಲ್ಲಿ ಏಳನೇ ತರಗತಿಯ ಹಾಜರಿ ಕೂಗುತ್ತಿದ್ದೆ. ಮಣ್ಣು ಮುಗಿದ ಮರುದಿನ ಓಣಿಯವರೆಲ್ಲ ನನ್ನನ್ನು ಸುತ್ತುವರಿದರು. ಖಾಲಾಗೆ ನಾನು ಬೇಕಾದವಳು ಎಂದು ಅವರಿಗೆ ಗೊತ್ತು. ತರಕಾರಿಯವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಕೊನಿಗಳಿಗ್ಯಾಗ ಖಾಲಾನ ಹತ್ರ ಯಾರಿದ್ರಿ ಟೀಚರ್? ನೀವಿದ್ರೇನು?"

ಇದ್ದೆ, ನನ್ನ ತೊಡೆಯ ಮೇಲೇ ತಲೆ ಇತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವಳಿಗೆ ಸಮಾಧಾನ, ನನಗೂ ಸಮಾಧಾನ.

"ಇಲ್ಲವಾ, ನಾ ಇರಲಿಲ್ಲ" ಎಂದೆ. "ಯಾರೂ ಇರಲಿಲ್ಲ."