ಅಡುಗೆಮನೆ ಬಾಗಿಲ ಹಿಂದೆ ಅಮ್ಮ

ಗೆಳೆಯರೇ, ಸ್ತ್ರೀ ಅಧ್ಯಯನದ ಎಂ.ಎ.ಗೆ ಅರ್ಜಿ ಕಳಿಸಲು ಇವತ್ತು ಬೆಳಿಗ್ಗೆ ಕೊರಿಯರ್ ಆಫೀಸಿಗೆ ಹೊರಟೆ. ಚಪ್ಪಲಿ ಮೆಟ್ಟುತ್ತಿದ್ದಂತೆ ಅಮ್ಮ ಕೂಗಿದಳು: “ಇರೇ, ಪಕ್ಕದ್ಮನೆ ಮಾಮೀಗೆ ಎದುರು ಬರೋಕೆ ಹೇಳಿದೀನಿ. ನಾನು ಬರಬಾರದು.”

ಅಪ್ಪ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಅರ್ಜಿಯ ಜೊತೆಗಿರುವ ನನ್ನ ಪ್ರಬಂಧ, ಗಂಡ ಸತ್ತವಳು ಎದುರು ಬಂದರೆ ಅಪಶಕುನ ಎನ್ನುವ ಇದೇ ರೂಢಿಯ ಮೇಲೆ. ಕ್ರೋಂಪೇಟೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾಗಿರುವ ಅಮ್ಮನೇ ಅದನ್ನು ತಿದ್ದಿಕೊಟ್ಟಿದ್ದಳು.

“ನೀನೇ ತುಂಬಾ ಚೆನ್ನಾಗಿದೆ ಅಂದ್ಯಲ್ಲಮ್ಮಾ!” ಎಂದು ರೇಗಿದೆ.

“ಚೆನ್ನಾಗೇ ಇದೆ. ಆದ್ರೆ ನಿಂಗೆ ಸೀಟು ಸಿಗದಿದ್ರೆ, ನಾನು ಎದುರು ಬಂದಿದ್ದಕ್ಕೇ ಅಂತ ನಂಗೆ ಸಾಯೋವರೆಗೂ ಕೊರೀತಿರತ್ತೆ ಕಣೆ,” ಎಂದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮಾಮಿ ಹೂ ಮುಡಿದು ನಗುತ್ತಾ ಎದುರು ಬಂದರು. “ನಲ್ಲಾ ಪೋಯ್ಟು ವಾಮ್ಮಾ!” ಎಂದು, ಚೆನ್ನಾಗಿ ಹೋಗಿ ಬಾರಮ್ಮಾ ಅಂತ ತಮಿಳಿನಲ್ಲಿ ಹರಸಿದರು. ನಾನು ಅಡುಗೆಮನೆಯ ಕಡೆ ತಿರುಗಿ “ಹೋಗಿಬರ್ತೀನಮ್ಮಾ” ಎಂದೆ. ಉತ್ತರ ಬರಲಿಲ್ಲ. ಹೊರಡುವವಳಿಗೆ ಅವಳ ದನಿಯೂ ಕೇಳಬಾರದೇನೋ.

ಅರ್ಜಿ ಹೋಯಿತು. ಸೀಟು ಸಿಕ್ಕರೆ ಅದು ಮಾಮಿ ಎದುರು ಬಂದದ್ದರಿಂದಲೇ ಎಂದು ಅಮ್ಮ ನಂಬುತ್ತಾಳೆ. ನನ್ನ ಪ್ರಬಂಧ ಅಲ್ಲಿ ಗೆದ್ದರೂ ಮನೆಯಲ್ಲಿ ಸೋತ ಹಾಗೆಯೇ.