ಎಲ್ಲರ ಹಿಂದೆ ಓಡುವ ಕಂಡಕ್ಟರ್

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ನಮ್ಮ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಬೆಳಿಗ್ಗೆ ಓಡುವ ಮುದುಕ-ಮುದುಕಿಯರ ಗುಂಪು ಸೇರಿದೆ. ಅಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಜೋರಾಗಿ ಓಡಬಲ್ಲವರಾದರೂ ಸದಾ ಎಲ್ಲರ ಹಿಂದೆಯೇ ಓಡುತ್ತಿದ್ದರು. ಇಲ್ಲದ ಟಿಕೆಟ್ ಚೀಲವನ್ನು ಅವುಚಿಕೊಂಡವರಂತೆ ಅವರ ಎಡಗೈ ಪಕ್ಕೆಗೆ ಅಂಟಿರುತ್ತಿತ್ತು. ಹೊರಡುವಾಗ "ರೈಟ್!" ಎನ್ನುವರು. ಯಾರಾದರೂ ಹಿಂದೆ ಬಿದ್ದರೆ "ಹೋಲ್ಡಾನ್!" ಎಂದು ಕೂಗುವರು, ಮುಂದಿದ್ದವರೆಲ್ಲ ನಿಲ್ಲಲೇಬೇಕು. ಹೆಚ್ಚಿನ ಸಲ ಹಿಂದೆ ಬೀಳುವವಳು ನಾನೇ.

ಒಂದು ಭಾನುವಾರ ಗುಂಪೆಲ್ಲ ಬಸ್ಸು ಹತ್ತಿ ಕಮಲಾಪುರಕ್ಕೆ ಓಡಲು ಹೋಯಿತು. ಅದು ನನ್ನ ತವರು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಅಲ್ಲಿ ಓಡಲು ನನಗೆ ಕಾಲೇ ಏಳಲಿಲ್ಲ.

"ನಾ ಇಲ್ಲೇ ಕುಂದರ್ತೀನ್ರೀ. ಮಂದಿ ನಗ್ತಾರ," ಎಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತೆ.

"ನಗಲಿ ಬಿಡ್ರೀ ಅಕ್ಕಾರ. ನಗೋರಿಗೂ ನಮ್ಮ ಗಾಡ್ಯಾಗ ಜಾಗ ಅದ," ಎಂದು ಕಂಡಕ್ಟರ್ ಕದಲದೆ ನಿಂತರು. ನಾನು ಏಳದೆ ಅವರು "ರೈಟ್" ಅನ್ನುವವರಲ್ಲ. ಎದ್ದೆ.

ಹೆದರಿದಂತೆಯೇ ಆಯಿತು. ಅಂಗಡಿಯಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುತ್ತಿದ್ದ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನವ್ವಾ, ಈ ವಯಸ್ಸಿನಾಗ ಯಾರ ಬೆನ್ನು ಹತ್ತೀದಿ?"

"ಬರ್ರಿ ವೈನಿ, ನೀವೇ ನೋಡ್ರಿ," ಎಂದೆ. ಅಷ್ಟು ಮಂದಿಯ ನಡುವೆ ನಾನು ಹಾಗೆ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ವೈನಿ ಚೀಲವನ್ನು ಅಂಗಡಿಯವನ ಮುಂದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯಲ್ಲೇ ರಸ್ತೆಗೆ ಇಳಿದರು.

ನನ್ನ ಹಿಂದಿನಿಂದ ಕೂಗು ಕೇಳಿತು. "ಹೋಲ್ಡಾನ್! ಇನ್ನೊಬ್ಬರು ಹತ್ಲಾಕತ್ತಾರ!"